ಮುಲಾಮಿನ ಡಬ್ಬಿಯಲ್ಲಿದ್ದ ನೋಟ್‌ಬುಕ್

ಬೆನ್ನಿಗೆ ಹಚ್ಚುವ ಮುಲಾಮು ಟ್ಯೂಬಿಗೆ ಮುನ್ನೂರ ನಲವತ್ತು ರೂಪಾಯಿ. ನನ್ನ ಗಂಡನ ಬೆನ್ನಿಗೆ ತಿಂಗಳಿಗೆ ಮೂರು ಬೇಕು. ತಲೆಗೆ ಹಾಕುವ ಶಾಂಪೂ ನಾನೂರ ಹತ್ತು. ಕೊಬ್ಬರಿ ಎಣ್ಣೆ ಮೊದಲು ಅಗ್ಗವಿತ್ತು, ಈಗ ಅದನ್ನೂ ಔಷಧಿಯ ಲೆಕ್ಕಕ್ಕೇ ಸೇರಿಸಬೇಕು. ಸಿರುಗುಪ್ಪದಲ್ಲಿ ಯಾರೋ ಬೇರು ತೇಯ್ದು ಕೊಡುತ್ತಾರೆಂದು ಆರು ಅಮಾವಾಸ್ಯೆ ಓಡಾಡಿದೆವು. ಅವರು ದುಡ್ಡು ಮುಟ್ಟುತ್ತಿರಲಿಲ್ಲ. ತೆಂಗಿನಕಾಯಿ, ಹೊಸ ಟವೆಲ್, ಇಬ್ಬರ ಬಸ್ ಚಾರ್ಜು ಎಂದು ಹೋಗುವಷ್ಟು ಹೋಯಿತು. ಬದನೆಕಾಯಿ, ಶೇಂಗಾ, ಮೀನು ಬಿಟ್ಟಿದ್ದರಿಂದ ಒಂದಿಷ್ಟು ಉಳಿಯಿತು, ಬಾಯಿರುಚಿ ಕೆಟ್ಟಿತು. ಹನ್ನೊಂದು ವರ್ಷದ್ದೆಲ್ಲ ಕೂಡಿಸಿದರೆ ರಾರಾವಿಯಲ್ಲಿ ನನ್ನ ತಮ್ಮ ಕೊಂಡ ಹಳೆಯ ಟ್ರ್ಯಾಕ್ಟರಿನಷ್ಟಾಗುತ್ತದೆ. ಇದರಲ್ಲಿ ಒಂದು ರೂಪಾಯಿಗೂ ನಾನು ಹೊಟ್ಟೆ ಉರಿದುಕೊಂಡವಳಲ್ಲ.

ಹೊಟ್ಟೆ ಉರಿದದ್ದು ಕೊನೆಯಲ್ಲಿ ಕೊಂಡ ನೋಟ್‌ಬುಕ್ಕಿಗೆ. ಮೂವತ್ತು ರೂಪಾಯಿ. ಪೆನ್ನಿಗೆ ಹತ್ತು.

ನಮ್ಮ ಮನೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ. ನನ್ನ ಗಂಡ ಹೊನ್ನೂರಸ್ವಾಮಿ ಜೀನ್ಸ್ ಹೊಲಿಯುವ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವ ಮಾಸ್ಟರ್. ಅರವತ್ತು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಯಂತ್ರ ಓಡಿಸಿದರೆ ಅಂಚು ಒಂದು ಕೂದಲೆಳೆ ಆಚೀಚೆ ಆಗದು, ಅಂಥ ಕೈ. ನಾನು ಮನೆಯಲ್ಲೇ ಕೂತು, ಹೊಲಿದು ಬಂದ ಪ್ಯಾಂಟುಗಳ ಹೆಚ್ಚಿನ ದಾರ ಕತ್ತರಿಸುತ್ತೇನೆ. ಇನ್ನೂ ನೀರಿಗೆ ಬೀಳದ ಹೊಸ ಬಟ್ಟೆ ಅದು, ಮುಟ್ಟಿದರೆ ಬಣ್ಣ ಬಿಡುತ್ತದೆ. ಸಂಜೆಯಾಗುವಷ್ಟರಲ್ಲಿ ನನ್ನ ಬೆರಳುಗಳು ನೀಲಿ.

ಅವರಿಗೆ ಇರುವುದು ಸೋರಿಯಾಸಿಸ್. ಬೆನ್ನು, ಮೊಣಕೈ, ತಲೆ. ಕೆಂಪಗೆ ಎದ್ದು ಬೆಳ್ಳಗೆ ಹೊಟ್ಟು ಉದುರುತ್ತದೆ. ಒಬ್ಬರಿಂದ ಒಬ್ಬರಿಗೆ ಹತ್ತುವ ರೋಗವಲ್ಲ ಎಂದು ಡಾಕ್ಟರು ಹೇಳುತ್ತಾರೆ, ಊರು ಕೇಳುವುದಿಲ್ಲ. ಕಟಿಂಗ್ ಅಂಗಡಿಯವನು ಒಂದು ಸಲ ಅವರ ತಲೆ ನೋಡಿ "ಇವತ್ತು ಕರೆಂಟ್ ಇಲ್ಲಣ್ಣ" ಅಂದನಂತೆ. ಅವನ ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅಂದಿನಿಂದ ಮನೆಯಲ್ಲಿ ಕೂದಲು ಕತ್ತರಿಸುವವಳೂ ನಾನೇ. ಬಳ್ಳಾರಿಯ ಮೇ ತಿಂಗಳ ಬಿಸಿಲಿನಲ್ಲೂ ಅವರದು ತುಂಬು ತೋಳಿನ ಅಂಗಿ, ಗುಂಡಿ ಮಣಿಕಟ್ಟಿನವರೆಗೆ.

ದಿನಾ ಸಂಜೆ ಆರೂವರೆಗೆ ಅವರು ಸ್ನಾನ ಮಾಡಿ ಮಣೆಯ ಮೇಲೆ ಕೂರುತ್ತಿದ್ದರು. ನಾನು ಬಿಸ್ಕತ್ತಿನ ತಗಡಿನ ಡಬ್ಬಿ ತೆರೆದು ಮುಲಾಮು ತೆಗೆದು ಬೆನ್ನಿಗೆ ಹಚ್ಚುತ್ತಿದ್ದೆ. ಯಾವ ಕಲೆ ಯಾವ ವರ್ಷದ್ದು, ಯಾವುದು ಚಳಿಗಾಲಕ್ಕೆ ಬಿರಿಯುತ್ತದೆ, ಎಲ್ಲವೂ ನನ್ನ ಕೈಗೆ ಗೊತ್ತು. ಆ ಬೆನ್ನನ್ನು ನಾನಲ್ಲದೆ ಡಾಕ್ಟರು ಮಾತ್ರ ನೋಡಿದ್ದರು. ಹೇಳಬಾರದು, ಆದರೂ ಹೇಳುತ್ತೇನೆ. ಅದರಲ್ಲಿ ನನಗೊಂದು ಸೊಕ್ಕು ಇತ್ತು. ಬೇರೆ ಹೆಂಗಸರ ಗಂಡಂದಿರು ಊರ ಮಂದಿಯ ಜೊತೆ ಕಟ್ಟೆಗೆ ಹೋಗಿ ಕೂರುತ್ತಾರೆ, ನನ್ನವರು ಮನೆಗೆ ಬರುತ್ತಾರೆ ಎಂಬ ಸೊಕ್ಕು.

ಹೋದ ಚಳಿಗಾಲ ಕಲೆಗಳು ಹೆಚ್ಚಾದವು. ನಿದ್ದೆ ಹೋಯಿತು. ಚರ್ಮದ ಡಾಕ್ಟರು ಮಾತ್ರೆ ಬದಲಿಸಿ, "ಪಕ್ಕದ ರೂಮಿನಾಗ ಕೌನ್ಸೆಲಿಂಗ್ ಮಾಡೋ ಶೀಲಾ ಮೇಡಂ ಅದಾರ, ಒಂದೀಟು ಮಾತಾಡಿ ಹೋಗ್ರಿ. ಮನಸ್ಸಿಗೆ ತ್ರಾಸ ಆದಷ್ಟೂ ಮೈಗೆ ಜಾಸ್ತಿ ಆಗತೈತಿ, ಮೈಗೆ ಆದಷ್ಟೂ ಮನಸ್ಸಿಗೆ" ಅಂದರು. ಶೀಲಾ ಮೇಡಂಗೆ ಮೂವತ್ತೈದು ಇರಬಹುದು. ಹತ್ತಿ ಸೀರೆ, ಕೈಯಲ್ಲಿ ಒಂದೇ ಬಳೆ. ಗಂಡನ ಹಿಂದೆ ನಾನೂ ಒಳಗೆ ಹೋಗಿ ಕುರ್ಚಿ ಎಳೆದುಕೊಂಡೆ.

"ಅಮ್ಮಾ, ನೀವು ಹೊರಗ ಕುಂದರ್ರಿ. ಅವರೊಬ್ಬರ ಜೋಡಿನೇ ಮಾತಾಡಬೇಕು."

"ಅವರಿಗೇನು ಗೊತ್ತಾಗಂಗಿಲ್ರಿ ಮೇಡಂ. ಎಲ್ಲ ನನ್ನನ್ನ ಕೇಳ್ರಿ."

"ನಿಮ್ಮನ್ನೂ ಕೇಳ್ತೀನಿ. ಇವತ್ತಲ್ಲ" ಎಂದು ನಕ್ಕರು.

ನಲವತ್ತು ನಿಮಿಷ ನಾನು ಬೆಂಚಿನ ಮೇಲೆ ಕೂತೆ. ಬಾಗಿಲಿನಾಚೆ ನನ್ನ ಗಂಡ ನಗುವುದು ಒಂದು ಸಲ ಕೇಳಿಸಿತು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಹನ್ನೊಂದು ವರ್ಷದಲ್ಲಿ ನನ್ನ ಮುಂದೆ ಒಂದು ಹನಿ ಕಣ್ಣೀರು ಹಾಕದ ಮನುಷ್ಯ.

ಆಟೋದಲ್ಲಿ ಕೇಳಿದೆ. "ಏನ್ ಅಂದ್ರು?"

"ಏನಿಲ್ಲ."

"ನಲವತ್ತು ನಿಮಿಷ ಇಬ್ರೂ ಕುಂತು ಏನಿಲ್ಲ ಏನಿಲ್ಲ ಅಂದ್ಕೊಂತಿದ್ರೇನು?"

ಅವರು ರಸ್ತೆ ನೋಡುತ್ತಾ ಹೇಳಿದರು. "ಬರಿ ಅಂದ್ರು. ದಿನಾ ಇಪ್ಪತ್ತು ನಿಮಿಷ, ನಾಲ್ಕು ದಿನ. ಯಾರ ಮುಂದೂ ಹೇಳಲಾರದ್ದು, ಮನಸ್ಸಿಗೆ ಚುಚ್ಚಿದ್ದು. ಅಕ್ಷರ ಹೆಂಗರ ಇರ್ಲಿ, ನಿಲ್ಲಿಸಬ್ಯಾಡ, ಯಾರಿಗೂ ತೋರಿಸಬ್ಯಾಡ ಅಂದ್ರು. ಇದರಿಂದ ಮೈಮ್ಯಾಲಿನ ಕಲೆ ಮಾಯ ಆಗಂಗಿಲ್ಲ, ಒಳಗಿಂದು ಹಗುರ ಆದ್ರೂ ಆಗಬೌದು ಅಂದ್ರು."

"ನನಗೂ ತೋರಿಸಬಾರದೇನು?"

"ಯಾರಿಗೂ ಅಂದ್ರು."

ಆ ದಿನವೇ ನೋಟ್‌ಬುಕ್ ಕೊಂಡರು. ಅಂಗಡಿಯಲ್ಲಿ ನಾಲ್ಕು ಪೆನ್ನು ಗೀಚಿ ನೋಡಿ ಒಂದನ್ನು ಆರಿಸಿದರು. ನಮ್ಮ ಮದುವೆಯ ಸೀರೆಯನ್ನು ಅವರು ಇಷ್ಟು ನೋಡಿ ಆರಿಸಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಮಾಳಿಗೆ ಹತ್ತುವ ಮೆಟ್ಟಿಲ ಮೇಲೆ ಕೂತರು. ನಲ್ಲಿ ನೀರು ಬರುವ ದಿನ ಅದು. ಕೊಡ ತುಂಬುವ ನೆಪದಲ್ಲಿ ನಾನು ಆರು ಸಲ ಆ ಕಡೆ ಹೋಗಿ ಬಂದೆ, ಬೇಕಂತಲೇ ಕೊಡಕ್ಕೆ ಕೊಡ ತಾಗಿಸಿದೆ. ತಲೆ ಎತ್ತಲಿಲ್ಲ. ಬರೆದು ಮುಗಿಸಿ ಒಳಗೆ ಬಂದು, ನೋಟ್‌ಬುಕ್ಕನ್ನು ಮುಲಾಮಿನ ಡಬ್ಬಿಯಲ್ಲಿ, ಟ್ಯೂಬುಗಳ ಕೆಳಗೆ ಇಟ್ಟರು. ಬೀಗವಿಲ್ಲ, ಚಿಲಕವಿಲ್ಲ. ದಿನಾ ಸಂಜೆ ನಾನೇ ತೆರೆಯುವ ಡಬ್ಬಿ. ಇದೊಂದು ಅಣಕದ ಹಾಗೆ ಕಂಡಿತು ನನಗೆ.

ಬುಧವಾರ ಬರೆದು ಎದ್ದು, ಚಹಾ ಚೆನ್ನಾಗಿದೆ ಎಂದರು. ಎಷ್ಟೋ ವರ್ಷದಿಂದ ಅದೇ ಚಹಾ. ಪಕ್ಕದ ಮನೆಯ ಚನ್ನಬಸಮ್ಮ ದಾರ ಕತ್ತರಿಸಲು ನನ್ನ ಜೊತೆ ಕೂರುತ್ತಾಳೆ. ಮನಸ್ಸು ತಡೆಯದೆ ಅವಳಿಗೆ ಹೇಳಿದೆ.

"ಹೌದಾ?" ಅಂದಳು, ಕತ್ತರಿ ನಿಲ್ಲಿಸಿ. "ಗಂಡಸು ಕುಡದ್ರ ವಾಸನಿ ಬರತೈತಿ, ಇಸ್ಪೀಟ್ ಆಡಿದ್ರ ಸಂಬಳ ಕಡಿಮಿ ಬರತೈತಿ. ಬರಿಯಾಕ ಕುಂತ್ರ ಏನಂತ ಹಿಡೀತಿ ಸರೋಜಾ? ಆ ಮೇಡಂಗ ಮದಿವಿ ಆಗೈತೇನು?"

"ನನಗೇನ್ ಗೊತ್ತು!"

"ಗೊತ್ತು ಮಾಡಿಕೊಳ್ಳವ್ವ. ಗಡ್ಡ ಯಾವಾಗ ಮಾಡಿಕೊಂಡ್ರು?"

"ಸೋಮವಾರ."

"ಆಸ್ಪತ್ರಿಗೆ ಹೋಗೋಕಿಂತ ಮೊದ್ಲೋ, ಬಂದಮ್ಯಾಲೋ?"

ಮೊದಲೇ. ಆದರೆ ಅವಳಿಗೆ ಹೇಳಲಿಲ್ಲ. ಕೈಯಲ್ಲಿದ್ದ ಪ್ಯಾಂಟಿನ ಜೇಬಿನ ಹೊಲಿಗೆಯನ್ನೇ ಕತ್ತರಿಸಿಬಿಟ್ಟೆ. ಆ ಪೀಸು ವಾಪಸ್ ಬಂತು.

ಅದೇ ಮಧ್ಯಾಹ್ನ ಬಾದನಹಟ್ಟಿಯಿಂದ ಫೋನ್ ಬಂತು. ಗಂಡನ ಅಕ್ಕ ದುರುಗಮ್ಮ. ಎರಡನೆಯ ಮಗಳು ವಿಜಯಲಕ್ಷ್ಮಿಯ ಮದುವೆ, ಮುಂದಿನ ಗುರುವಾರ ಅರಿಶಿನ. ನಮ್ಮ ಕಡೆ ಮದುಮಗಳಿಗೆ ಅರಿಶಿನ ಹಚ್ಚಿ ನೀರು ಹಾಕಿದ ಮೇಲೆ, ಆ ಒದ್ದೆ ಮೈಯಲ್ಲೇ ಸೋದರಮಾವ ಅವಳನ್ನು ಎತ್ತಿಕೊಂಡು ಒಳಗೆ ಒಯ್ಯಬೇಕು. ಮಾವ ಅಂಗಿ ಹಾಕುವಂತಿಲ್ಲ. ಪಂಚೆಯುಟ್ಟು ಬರಿಮೈಯಲ್ಲಿ ನಿಲ್ಲಬೇಕು, ಅವನಿಗೂ ಹೆಂಗಸರು ಅರಿಶಿನ ಬಳಿಯುತ್ತಾರೆ.

ಐದು ವರ್ಷದ ಹಿಂದೆ ಮೊದಲ ಮಗಳು ಪಂಪಾವತಿಯ ಮದುವೆಗೆ ಮುಂಚೆ ನಾನೊಬ್ಬಳೇ ಕುರುಗೋಡಿನ ಬಸ್ಸು ಹತ್ತಿ ಬಾದನಹಟ್ಟಿಗೆ ಹೋಗಿದ್ದೆ. "ಅಕ್ಕಾ, ಇವರನ್ನ ನಿಲ್ಲಿಸಬ್ಯಾಡ್ರಿ. ಮಂದಿ ಬೆನ್ನು ನೋಡಿ ಮುಖ ತಿರುವಿದ್ರ ಇವರು ಸತ್ತು ಹೋಗ್ತಾರ. ಗಾದೆಪ್ಪಗ ಹೇಳ್ರಿ" ಅಂದಿದ್ದೆ. ಗಾದೆಪ್ಪ ಅವರ ಚಿಕ್ಕಪ್ಪನ ಮಗ. ಗಂಡನಿಗೆ ಮಾತ್ರ, "ಗಾದೆಪ್ಪನನ್ನ ಗೊತ್ತು ಮಾಡ್ಯಾರಂತ" ಎಂದಷ್ಟೇ ಹೇಳಿದ್ದೆ, ಬಾದನಹಟ್ಟಿಯವರೇ ತೀರ್ಮಾನ ಮಾಡಿದಂತೆ. ಅವರು "ಆತು" ಅಂದಿದ್ದರು. ಬಚಾವಾದೆ ಅಂದುಕೊಂಡಿರಬೇಕು ಎಂದು ನಾನು ತಿಳಿದೆ.

ಈಗ ದುರುಗಮ್ಮ ಫೋನಿನಲ್ಲಿ ಮೆತ್ತಗೆ ಕೇಳಿದರು. "ಈ ಸಲನೂ ಗಾದೆಪ್ಪಗೇ ಹೇಳ್ಲೇನು ಸರೋಜಾ? ವಿಜಿ ನಮ್ಮ ಮಾವನೇ ಎತ್ತಬೇಕು ಅಂತ ಕುಂತಾಳ."

"ಗಾದೆಪ್ಪಗೇ ಹೇಳ್ರಕ್ಕಾ. ಈಗ ಮೊದ್ಲಿಗಿಂತ ಜಾಸ್ತಿ ಆಗೈತಿ."

ಜಾಸ್ತಿ ಆಗಿದ್ದು ನಿಜ. ಆದರೆ ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿದ್ದದ್ದು ಅದೊಂದೇ ಅಲ್ಲ. ಶೀಲಾ ಮೇಡಂ ಬಾಗಿಲು ಹಾಕಿಕೊಂಡಿದ್ದರು, ನೋಟ್‌ಬುಕ್ ಬಾಯಿ ಮುಚ್ಚಿಕೊಂಡಿತ್ತು. ಇನ್ನು ಬಾದನಹಟ್ಟಿಯ ಇಡೀ ಅಂಗಳಕ್ಕೆ ಆ ಬೆನ್ನನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

ಗುರುವಾರ ಬರೆದು ಬಂದವರು ಸಂಜೆ ಮಣೆಯ ಮೇಲೆ ಕೂತು, "ಇವತ್ತು ಕೆರ್ಕೊಂಡೇ ಇಲ್ಲ ನೋಡು" ಅಂದರು. ಖುಷಿ ಪಡಬೇಕಿತ್ತು. ಹನ್ನೊಂದು ವರ್ಷ ನಾನು ಹಚ್ಚಿದ್ದಕ್ಕೆ ಸಿಗದ ಮಾತು ಮೂರು ದಿನದ ಕಾಗದಕ್ಕೆ ಸಿಕ್ಕಿತಲ್ಲ ಎಂದು ಮುಲಾಮನ್ನು ಸ್ವಲ್ಪ ಜೋರಾಗಿಯೇ ಉಜ್ಜಿದೆ.

"ಹಗೂರ್ಕ, ಲೇ. ಬೆನ್ನು ಅದು, ಬೋಗಣಿ ಅಲ್ಲ."

ಶುಕ್ರವಾರವೂ ಬರೆದಿಟ್ಟು ಅವರು ಕೆಲಸಕ್ಕೆ ಹೋದರು. ಚನ್ನಬಸಮ್ಮ ಸಂತೆಗೆ ಹೋಗಿದ್ದಳು. ಹನ್ನೊಂದು ಗಂಟೆಗೆ ನಾನು ಕತ್ತರಿ ಕೆಳಗಿಟ್ಟು ಡಬ್ಬಿ ತೆರೆದೆ. ಏಳನೆಯ ಕ್ಲಾಸಿನವರೆಗೆ ಓದಿದವಳು, ನಿಧಾನ ಆದರೂ ಓದುತ್ತೇನೆ. ಮೊದಲು ಹುಡುಕಿದ್ದು ಶೀಲಾ ಎಂಬ ಹೆಸರು. ಎಲ್ಲೂ ಇರಲಿಲ್ಲ. ಬೇರೆ ಯಾವ ಹೆಂಗಸಿನ ಹೆಸರೂ ಇರಲಿಲ್ಲ. ಪುಟಕ್ಕೆ ನಾಲ್ಕು ಕಡೆ ಸರೋಜಾ, ಸರೋಜಾ ಎಂದಿತ್ತು. ಒಂದು ಗಳಿಗೆ ನನ್ನ ಎದೆ ತಣ್ಣಗಾಯಿತು. ಆಮೇಲೆ ಓದಿದೆ.

ಮೊದಲ ದಿನ ಕಟಿಂಗ್ ಅಂಗಡಿಯ ಕಥೆ. ಎರಡನೆಯ ದಿನ, ಕಾರ್ಖಾನೆಯಲ್ಲಿ ಅವರ ನೀರಿನ ಲೋಟದ ಮೇಲೆ ಯಾರೋ ಬಣ್ಣದ ಗುರುತು ಹಾಕಿಟ್ಟದ್ದು. ಅದು ನನಗೆ ಗೊತ್ತೇ ಇರಲಿಲ್ಲ. ಮೂರನೆಯ ದಿನದ್ದು ಹೀಗಿತ್ತು:

"ಪಂಪಾವತಿಯ ಅರಿಶಿನದ ದಿನ ನಾನು ಹಿತ್ತಲಲ್ಲಿ ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದೆ. ಅಕ್ಕ ಗಾದೆಪ್ಪನಿಗೆ ಹೇಳುತ್ತಿದ್ದಳು, ನಮ್ಮ ತಮ್ಮನೇ ಎತ್ತಬೇಕಿತ್ತು, ಸರೋಜಾನೇ ಬಂದು ಬೇಡ ಅಂದಳು ಅಂತ. ಗಾದೆಪ್ಪ ಎತ್ತಿಕೊಂಡು ಹೋಗುವಾಗ ಪಂಪಾವತಿ ನನ್ನ ಕಡೆ ನೋಡಿದಳು. ನಾನು ಡ್ರಮ್ಮಿನ ಮುಚ್ಚಳ ಸರಿಮಾಡುವವನ ಹಾಗೆ ನಿಂತೆ. ಊರ ಮಂದಿ ಮುಖ ತಿರುವಿದರೆ ತಡೆದುಕೊಂಡೇನು, ಅವರು ನನ್ನನ್ನು ಮುಟ್ಟಿದವರಲ್ಲ. ದಿನಾ ಮುಟ್ಟುವ ಸರೋಜಾಗೇ ನನ್ನ ಮೈಯನ್ನು ನಾಲ್ಕು ಜನಕ್ಕೆ ತೋರಿಸಲು ನಾಚಿಕೆ ಅಂದರೆ, ಅವಳು ಹಚ್ಚುವಾಗ ಮನಸ್ಸಿನಲ್ಲಿ ಏನಂದುಕೊಳ್ಳುತ್ತಾಳೋ. ಐದು ವರ್ಷದಿಂದ ಅವಳ ಕೈ ಬೆನ್ನಿಗೆ ತಾಗಿದಾಗೆಲ್ಲ ಇದೇ ನೆನಪು ಬರುತ್ತದೆ. ಕೇಳಿಲ್ಲ. ಕೇಳಿದರೆ ಹೌದು ಅಂದಾಳು ಅನ್ನುವ ಹೆದರಿಕೆ."

ನಾಲ್ಕನೆಯ ದಿನದ್ದನ್ನು ಓದುವ ಧೈರ್ಯ ಬರಲಿಲ್ಲ. ಮುಚ್ಚಿಟ್ಟೆ. ಕತ್ತರಿ ಕೈಗೆತ್ತಿಕೊಂಡೆ, ಇಟ್ಟೆ. ಅವರಿಗೆ ಯಾರ ಮೇಲಾದರೂ ಮನಸ್ಸಿದೆಯೆಂದು ಬರೆದಿದ್ದರೆ ಜಗಳವಾಡಬಹುದಿತ್ತು. ಜಗಳ ನನಗೆ ಬರುತ್ತದೆ. ಇದಕ್ಕೆ ಏನು ಮಾಡಬೇಕೆಂದು ಗೊತ್ತಾಗಲಿಲ್ಲ.

ಸಂಜೆ ಅವರು ಸ್ನಾನ ಮಾಡಿ ಬಂದು, ಮಣೆಯ ಮೇಲೆ ಕೂರುವ ಮೊದಲು ತಾವೇ ಡಬ್ಬಿ ತೆರೆದು ನೋಟ್‌ಬುಕ್ ತೆಗೆದರು. ಮೇಡಂಗೆ ಬರೆದದ್ದನ್ನು ತೋರಿಸಬೇಕಿರಲಿಲ್ಲ, ಎಷ್ಟು ಪುಟ ಆಯಿತು ಎಂದಷ್ಟೇ ಹೇಳಬೇಕಿತ್ತಂತೆ. ಎಣಿಸುತ್ತಾ ಪುಟ ತಿರುವಿದವರು ಮೂರನೆಯ ದಿನದ ಹತ್ತಿರ ನಿಂತರು. ಪುಟದ ಅಂಚಿನಲ್ಲಿ ನೀಲಿ ಹೆಬ್ಬೆರಳಿನ ಗುರುತು ಅಚ್ಚೊತ್ತಿದಂತೆ ಬಿದ್ದಿತ್ತು. ಓದುವ ಮೊದಲು ಕೈ ತೊಳೆಯಬೇಕೆಂದು ನನಗೆ ಹೊಳೆದಿರಲಿಲ್ಲ.

ಅವರು ಆ ಗುರುತನ್ನೂ ನನ್ನ ಕೈಯನ್ನೂ ನೋಡಿದರು.

"ಓದಿದ್ಯಾ?"

"ಹೂಂ."

"ನೀ ಮುಟ್ಟಂಗಿಲ್ಲ ಅಂತ ತಿಳದು ಇಲ್ಲಿಟ್ಟಿದ್ದೆ ಸರೋಜಾ. ಬ್ಯಾರೆ ಎಲ್ಲಿಟ್ರೂ ನಿನ್ನ ಮ್ಯಾಲ ಸಂಶಯ ಪಟ್ಟಂಗ ಆಗತಿತ್ತು."

ಇದಕ್ಕಿಂತ ಒಂದು ಏಟು ಹೊಡೆದಿದ್ದರೆ ಸುಖವಿತ್ತು. "ನನಗ ಹೊಟ್ಟಿ ಉರೀತು" ಅಂದೆ. "ನನಗ ಹೇಳದ್ದನ್ನ ಆಕಿಗೆ ಹೇಳಿದ್ರಿ, ಈ ನೋಟ್‌ಬುಕ್ಕಿಗೆ ಹೇಳಿದ್ರಿ. ನನಗೆ ನಾಚಿಕಿ ಇಲ್ರಿ. ಯಾವತ್ತೂ ಇಲ್ಲ. ನಿಮಗ ಅವಮಾನ ಆಗಬಾರದು ಅಂತ ಹಂಗ ಮಾಡಿದೆ."

"ನನ್ನ ಅವಮಾನ ನನಗ ಬಿಡಬೇಕಿತ್ತು. ನನಗಿಂತ ಮೊದ್ಲು ನೀ ಯಾಕ ಪಡ್ತಿ ಅದನ್ನ?"

ಇನ್ನೊಂದನ್ನೂ ಹೇಳಲೇಬೇಕಿತ್ತು, ಇಲ್ಲದಿದ್ದರೆ ಮುಂದಿನ ನೋಟ್‌ಬುಕ್ಕಿನಲ್ಲಿ ಅದೂ ಬರುತ್ತಿತ್ತು. "ಬುಧವಾರ ಅಕ್ಕ ಫೋನ್ ಮಾಡಿದ್ರು. ಈ ಸಲನೂ ಗಾದೆಪ್ಪಗೇ ಹೇಳ್ರಿ ಅಂದೀನಿ."

ಅವರು ನೋಟ್‌ಬುಕ್ ಮುಚ್ಚಿ ಮಣೆಯ ಮೇಲಿಟ್ಟರು. ಆಮೇಲೆ ಫೋನನ್ನು ನನ್ನ ಕಡೆ ತಳ್ಳಿದರು. "ನೀನೇ ಫೋನ್ ಹಚ್ಚು. ನೀನೇ ಹೇಳು."

ದುರುಗಮ್ಮ ಎತ್ತಿದರು. "ಅಕ್ಕಾ, ಗಾದೆಪ್ಪ ಬ್ಯಾಡ. ಇವರೇ ಎತ್ತತಾರ" ಅಂದೆ. ಆ ಕಡೆಯಿಂದ ಅಳುವೋ ನಗುವೋ, "ಅವನೇ ಹೇಳಿದ್ನಾ? ಅವನಿಗೆ ಕೊಡು ಫೋನು, ಮೂಳನಿಗೆ! ಐದು ವರ್ಷ ಆತು ನಮ್ಮ ಮನ್ಯಾಗ ಹೊಟ್ಟಿತುಂಬ ಉಂಡಿಲ್ಲ ಅವ" ಎಂದು ಕೂಗಿದರು. ಅಕ್ಕ ತಮ್ಮ ಮಾತಾಡುವಾಗ ನಾನು ಅಡುಗೆಮನೆಗೆ ಹೋಗಿ ಕೈ ತೊಳೆದೆ. ಆ ಬಣ್ಣ ಒಂದೇ ಸಲಕ್ಕೆ ಹೋಗುವುದಿಲ್ಲ.

ಗುರುವಾರ ಬಾದನಹಟ್ಟಿಯ ಅಂಗಳದಲ್ಲಿ ಹಸಿರು ಚಪ್ಪರ ಹಾಕಿದ್ದರು. ನಮ್ಮವರು ಪಂಚೆಯುಟ್ಟು ಬಂದು, ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದರು. ನಾನು ಟವೆಲ್ ಹಿಡಿದು ಹಿಂದೆ ನಿಂತಿದ್ದೆ, ಹೊದಿಸಿಬಿಡಬೇಕೆಂದು ಕೈ ತುಡಿಯಿತು. ಹೊದಿಸಲಿಲ್ಲ.

ಅಂಗಿ ತೆಗೆದಾಗ ಗಂಡಿನ ಕಡೆಯ ಒಬ್ಬ ಹೆಂಗಸು ಪಕ್ಕದವಳ ಕಿವಿಗೆ ಬಾಗಿದಳು. ಅರಿಶಿನದ ತಟ್ಟೆ ಹಿಡಿದಿದ್ದ ಮುದುಕಿ ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಹೆದರಿದ್ದು ಸುಳ್ಳಾಗಿರಲಿಲ್ಲ, ಎಲ್ಲವೂ ಹಾಗೇ ಆಯಿತು. ನನ್ನ ಗಂಡನ ಕಿವಿ ಕೆಂಪಾಯಿತು. ಆದರೆ ಕಾಲು ಕದಲಲಿಲ್ಲ.

ದುರುಗಮ್ಮ ಮುದುಕಿಯ ಕೈಯಿಂದ ತಟ್ಟೆ ಕಿತ್ತುಕೊಂಡು ಅಂಗೈ ತುಂಬ ಅರಿಶಿನ ತೆಗೆದು ತಮ್ಮನ ಬೆನ್ನಿಗೆ ಬಳಿದರು. ಕುತ್ತಿಗೆಯಿಂದ ಸೊಂಟದವರೆಗೆ, ಕಲೆಗಳ ಮೇಲೆಯೇ. ಆ ಬೆನ್ನಿನ ಮೇಲೆ ಹನ್ನೊಂದು ವರ್ಷದಲ್ಲಿ ನನ್ನದಲ್ಲದ ಮೊದಲ ಕೈ. ಉರಿಯಿತು, ಸುಳ್ಳು ಹೇಳುವುದಿಲ್ಲ. ಇನ್ನೂ ಮೆಲ್ಲಗೆ ಹಚ್ಚಬೇಕು, ಎಡಗಡೆಯದು ಬಿರಿದಿದೆ ಎಂದು ಬಾಯಿಗೆ ಬಂತು, ನುಂಗಿಕೊಂಡೆ. ಅವರು ಕಣ್ಣು ಮುಚ್ಚಿ ನಿಂತಿದ್ದರು.

"ಮಾವಾ, ಬೀಳಿಸಬ್ಯಾಡ ನೋಡು. ಐವತ್ತೆಂಟು ಕೆಜಿ ಅದೀನಿ" ಅಂದಳು ವಿಜಯಲಕ್ಷ್ಮಿ, ನೀರು ಸೋರುವ ಮೈಯಲ್ಲೇ.

"ನಾ ದಿನಾ ಎತ್ತೋ ಬಟ್ಟಿ ಥಾನು ನಿನಗಿಂತ ಭಾರ ಐತಿ. ಅದು ಇಷ್ಟು ಮಾತಾಡಂಗಿಲ್ಲ ಅಷ್ಟೇ" ಎಂದು ಎತ್ತಿಕೊಂಡರು.

ಜನ ನಕ್ಕರು. ಹೊಸ್ತಿಲು ದಾಟುವಾಗ ಅವರ ಬೆನ್ನು ಪೂರಾ ಹಳದಿಯಾಗಿತ್ತು. ಊಟದ ಪಂಕ್ತಿಯಲ್ಲಿ ಗಂಡಿನ ಕಡೆಯ ಇಬ್ಬರು ಅವರ ಪಕ್ಕದ ಎಲೆ ಬಿಟ್ಟು ಆಚೆ ಕೂತದ್ದನ್ನೂ ನಾನು ನೋಡಿದೆ. ಗಾದೆಪ್ಪ ಬಂದು ಆ ಎಲೆಗೆ ಕೂತ. ಅವರು ಮೂರು ಹೋಳಿಗೆ ತಿಂದರು.

ಇದಾಗಿ ಏಳು ತಿಂಗಳು. ಕಲೆಗಳು ಕಡಿಮೆಯಾಗಿಲ್ಲ. ಅರಿಶಿನದ ಮರುದಿನ ಇನ್ನಷ್ಟು ಉರಿಯೆದ್ದು ವಾರ ಮಲಗಿದರು. ಟ್ಯೂಬಿನ ಬೆಲೆ ಮುನ್ನೂರ ಅರವತ್ತೈದಾಗಿದೆ. ನಿದ್ದೆ ಬರುತ್ತದೆ. ಈ ಬೇಸಿಗೆಯಲ್ಲಿ ಎರಡು ಅರ್ಧ ತೋಳಿನ ಅಂಗಿ ಹೊಲಿಸಿಕೊಂಡರು. ಕಾರ್ಖಾನೆಯಲ್ಲಿ ಲೋಟದ ಗುರುತನ್ನು ತಾವೇ ಕೆರೆದು ಹಾಕಿದರಂತೆ, ಸಂಜೆ ಬಂದು ನನಗೆ ಹೇಳಿದರು. ಈಗ ಇಂಥದ್ದನ್ನೆಲ್ಲ ಹೇಳುತ್ತಾರೆ. ಮೊಣಕೈಗೆ ತಾವೇ ಹಚ್ಚಿಕೊಳ್ಳುತ್ತಾರೆ, ಬೆನ್ನಿಗೆ ಈಗಲೂ ನಾನು.

ಅವರು ಇನ್ನೂ ಬರೆಯುತ್ತಾರೆ, ಇದು ಮೂರನೆಯ ನೋಟ್‌ಬುಕ್. ಅದು ಡಬ್ಬಿಯಲ್ಲಿಲ್ಲ. ಪ್ಯಾಂಟಿನ ಗಂಟು ತರಲು ಹೋದಾಗ ನೋಡಿದೆ, ಕಾರ್ಖಾನೆಯಲ್ಲಿ ಅವರ ಮೇಜಿನ ಖಾನೆಗೆ ಒಂದು ಸಣ್ಣ ಬೀಗ ಬಂದಿದೆ. ನಾನು ಕೇಳಿಲ್ಲ, ಅವರು ಹೇಳಿಲ್ಲ. ಅವರಿಗೆ ಅಕ್ಕನ ಮನೆ ಸಿಕ್ಕಿತು. ಬೀಗವಿಲ್ಲದೆ ನನ್ನ ಕೈಗೆ ಎಟುಕುವಲ್ಲಿ ಇಟ್ಟಿದ್ದ ನಂಬಿಕೆಯನ್ನು ನಾನು ಕಳೆದುಕೊಂಡೆ.